ಸಾಹೇಬನಿಗೆ ಕಲಿಸಿದ ನಾಲ್ಕು ಮಾತು

ಹೆದರಿಕೆಯನ್ನು ಮನುಷ್ಯರಿಂದ ಮುಚ್ಚಿಡುವುದು ಅಂಥ ಕಷ್ಟದ ಕೆಲಸವೇನಲ್ಲ. ಗಂಟಲು ಸರಿಮಾಡಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, "ಮುಂದ ನೋಡೂಣು" ಎಂದರೆ ಮುಗಿಯಿತು. ನೌಕರಿಯ ಉದ್ದಕ್ಕೂ ನಾನು ಇದನ್ನೇ ಮಾಡಿ, ಕೊನೆಗೆ ಮಾಲೆ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು ನಿವೃತ್ತನಾದವನು. ಹೆಂಡತಿಯಿಂದಲೂ ಅರ್ಧದಷ್ಟನ್ನು ಮುಚ್ಚಿಡಬಹುದು. ಕುದುರೆಯಿಂದ ಮಾತ್ರ ಸಾಧ್ಯವಿಲ್ಲ. ಅದರಲ್ಲೂ ಮೂರು ವರ್ಷ ತುಂಬುತ್ತಿರುವ, ತಾನು ಗಂಡೆಂಬುದು ಈಚೆಗಷ್ಟೇ ಗೊತ್ತಾಗಿರುವ ಕುದುರೆಯಿಂದ ಸಾಧ್ಯವೇ ಇಲ್ಲ. ನಾವು ಹಿತ್ತಲ ಬಾಗಿಲು ಸರಿಸುವಷ್ಟರಲ್ಲೇ ಅದಕ್ಕೆ ಒಳಗಿನ ಸುದ್ದಿ ಮುಟ್ಟಿರುತ್ತದೆ. ಕತ್ತೆಯ ಹಿಂದೆ ಹೋಗಬಾರದು, ಅಧಿಕಾರಿಯ ಮುಂದೆ ಹೋಗಬಾರದು ಎಂದು ಹಿರಿಯರು ಹೇಳುತ್ತಾರಲ್ಲ, ಅವರು ಮನೆಯಲ್ಲಿ ಗಂಡುಕುದುರೆ ಸಾಕಿರಲಿಲ್ಲವೆಂದು ಕಾಣುತ್ತದೆ. ಅದರ ಹಿಂದೆಯೂ ಹೋಗಬಾರದು, ಮುಂದೆಯೂ ಹೋಗಬಾರದು. ಎಡಗಡೆಗೆ, ಅದರ ಹೆಗಲಿಗೆ ಸರಿಯಾಗಿ, ಹತ್ತಿರವೂ ಅಲ್ಲ ದೂರವೂ ಅಲ್ಲ ಎನ್ನುವಂತೆ ನಿಲ್ಲಬೇಕು. ಸಾಹೇಬರ ಟೇಬಲ್ಲಿನ ಪಕ್ಕ ಹೀಗೆಯೇ ನಿಂತು ನಿಂತು ಸವೆದ ನನಗೆ ನಿವೃತ್ತಿಯ ನಂತರ ಸಿಕ್ಕ ಕುದುರೆಯ ಹೆಸರೂ ಸಾಹೇಬ ಎಂದೇ ಇದ್ದದ್ದು ನನ್ನ ಪ್ರಾರಬ್ಧ.

ಸಾಹೇಬ ನನ್ನ ಕುದುರೆಯಲ್ಲ, ನನ್ನ ತಮ್ಮ ಈರಣ್ಣನದು. ಯರಗುಪ್ಪಿಯ ನಮ್ಮ ಮನೆತನದಲ್ಲಿ ಎತ್ತು ಕಟ್ಟಿದವರಿದ್ದಾರೆ, ಎಮ್ಮೆ ಕಟ್ಟಿದವರಿದ್ದಾರೆ, ಈಗೀಗ ಟ್ರ್ಯಾಕ್ಟರು ನಿಲ್ಲಿಸಿಕೊಂಡವರೂ ಇದ್ದಾರೆ. ಕುದುರೆ ಕಟ್ಟಿದವನು ಈರಣ್ಣ ಒಬ್ಬನೇ. ಮೋಟರ್‌ಸೈಕಲ್ ತರುತ್ತೇನೆಂದು ಹುಬ್ಬಳ್ಳಿಗೆ ಹೋದವನು, ಮದುವೆ ಮೆರವಣಿಗೆಯ ಕುದುರೆ ಸಾಕುವವನೊಬ್ಬನಿಂದ ಒಂದು ಹೆಣ್ಣುಕುದುರೆಯನ್ನು ಕೊಂಡು, ಅಲ್ಲಿಂದ ನಡೆಸಿಕೊಂಡೇ ಊರಿಗೆ ಬಂದ. ಅವಳೇ ಗಂಗಾ. ನಾನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ, "ಮೋಟರ್‌ಸೈಕಲ್ ಮರಿ ಹಾಕತೈತೇನ ಅಣ್ಣ?" ಎಂದು ನನ್ನನ್ನೇ ಕೇಳಿದ. ಗಂಗಾ ಮರಿ ಹಾಕಿದಳು. ಮರಿಗಳು ಬೆಳೆದು ಮೊರಬಕ್ಕೊಂದು, ಕಲಘಟಗಿಗೊಂದು ಹೋದವು. ಕೊನೆಯ ಗಂಡುಮರಿಯನ್ನು ಮಾತ್ರ ಈರಣ್ಣ ಯಾರಿಗೂ ಕೊಡಲಿಲ್ಲ. ಅದಕ್ಕೆ ಸಾಹೇಬ ಎಂದು ಹೆಸರಿಟ್ಟದ್ದೇಕೆಂದು ಕೇಳಿದೆ. "ನೋಡ ಅಣ್ಣ, ಅಂವ ನಿಂತಲ್ಲಿಗೆ ನೀರು ಬರಬೇಕು, ಕಡ್ಲಿ ಬರಬೇಕು, ಮೈ ತಿಕ್ಕಾಕ ಆಳು ಬರಬೇಕು. ಸಹಿ ಮಾಡೂದೊಂದ ಕಡಿಮಿ" ಎಂದ. ಒಬ್ಬಳೇ ಮಗಳನ್ನು ಅಣ್ಣಿಗೇರಿಗೆ ಕೊಟ್ಟ ಮೇಲೆ ಅವನ ಅಕ್ಕರೆಯೆಲ್ಲ ಆ ಮರಿಯ ಮೇಲೆಯೇ ಹರಿಯಿತು.

ಈರಣ್ಣನ ಬಾಯಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅವನು ಊರಿನ ದೊಡ್ಡ ಮಾತುಗಾರ. ಬಸ್ಸಿನಲ್ಲಿ ಚಪ್ಪಲಿ ಕಳೆದದ್ದನ್ನು ಹೇಳತೊಡಗಿದರೆ ಕಟ್ಟೆಯ ಮೇಲೆ ಕುಳಿತವರು ಊಟದ ಹೊತ್ತು ಮರೆಯುತ್ತಿದ್ದರು. ಚಪ್ಪಲಿ ಕೊನೆಗೆ ಸಿಕ್ಕಿತೋ ಇಲ್ಲವೋ ಎಂಬುದು ಅಷ್ಟು ಸಲ ಕೇಳಿದ ನನಗೂ ಗೊತ್ತಿಲ್ಲ, ಏಕೆಂದರೆ ಕತೆ ಅಲ್ಲಿಯವರೆಗೆ ಎಂದೂ ಹೋಗಲಿಲ್ಲ. ಇಂಥವನು ಕುದುರೆಯ ಮುಂದೆ ನಿಂತರೆ ಬೇರೆಯೇ ಮನುಷ್ಯ. ಅಲ್ಲಿ ಅವನಿಗಿದ್ದದ್ದು ನಾಲ್ಕೇ ಮಾತು. ನಿಲ್ಲಬೇಕಾದರೆ "ಹೋ". ಅವಸರ ಮಾಡಿದರೆ "ಸಾವಕಾಶ". ಮೈಮೇಲೆ ಬಂದರೆ "ಹಿಂದ ಸರಿ". ಹೇಳಿದ್ದು ಕೇಳಿದರೆ "ಭಲೇ ಮಗನ". "ಕುದರಿಗೆ ಮಾತು ಜಾಸ್ತಿ ಆದ್ರ ಅದು ನಮ್ಮನ್ನ ಹುಚ್ಚ ಅಂತ ತಿಳಕೊಂತೈತಿ" ಎನ್ನುತ್ತಿದ್ದ. ಮನುಷ್ಯರೂ ಹಾಗೆಯೇ ತಿಳಿದುಕೊಳ್ಳುತ್ತಾರೆಂದು ನಾನು ಹೇಳಲಿಲ್ಲ. ಮರಿ ಸಣ್ಣದಿದ್ದಾಗ ನಾನು ಅಂಗೈಯಲ್ಲಿ ಬೆಲ್ಲ ಹಿಡಿದು ತಿನ್ನಿಸಲು ಹೋಗಿ ಬೈಸಿಕೊಂಡೆ. "ಕೈಯಾಗ ತಿನ್ನಸಬ್ಯಾಡ ಅಣ್ಣ. ಗಂಡುಮರಿ ಐತಿ. ಇವತ್ತ ಬೆಲ್ಲ ತಿಂತೈತಿ, ನಾಳಿ ಬೆರಳ ತಿಂತೈತಿ." ಕಚೇರಿಯಲ್ಲಿ ಯಾರಾದರೂ ಈ ಮಾತನ್ನು ಮೊದಲೇ ಹೇಳಿದ್ದರೆ ನನ್ನ ನೌಕರಿ ಬೇರೆ ರೀತಿ ಆಗುತ್ತಿತ್ತೇನೋ.

ಒಂದು ವರ್ಷ ದಾಟಿ ಮರಿಗೆ ಮೀಸೆ ಚಿಗುರುವ ಕಾಲ ಬಂದಿತು. ಕುದುರೆಗೆ ಮೀಸೆ ಬರುವುದಿಲ್ಲ, ಆದರೆ ಬಂದವನ ಹಾಗೆಯೇ ಆಡಿತು. ತಾಯಿ ಯಾರು, ಪರರ ಹೆಣ್ಣು ಯಾರು ಎಂಬ ಭೇದ ಅದಕ್ಕೆ ಇಲ್ಲವಾದ್ದರಿಂದ ಈರಣ್ಣ ಗಂಗಾಳನ್ನು ಬೇರೆ ಕಟ್ಟಿ, ನಡುವೆ ಆಳೆತ್ತರದ ಕಲ್ಲುಗೋಡೆ ಹಾಕಿಸಿದ. ಸಾಹೇಬ ಗೋಡೆಯ ಮೇಲೆ ಕತ್ತು ಚಾಚಿ, ಗಾಳಿ ಮೂಸಿ, ಮೇಲ್ದುಟಿ ಮಡಚಿ ಹಲ್ಲು ತೋರಿಸುತ್ತಿದ್ದ. ನೋಡಿದವರಿಗೆ ನಕ್ಕಂತೆ ಕಾಣುತ್ತಿತ್ತು. ಅದು ನಗುವಲ್ಲ, ವಿಚಾರಣೆ: ಆ ಕಡೆಯ ಹೆಣ್ಣು ಬೆದೆಗೆ ಬಂದಿದ್ದಾಳೋ ಇಲ್ಲವೋ ಎಂದು ಗಾಳಿಯನ್ನು ಕೇಳುವುದು. ಮುಂದೆ ಅವನಿಗೆಂದೇ ಈರಣ್ಣ ದೂರದ ಸಂತೆಯೊಂದರಿಂದ ತುಂಗಾ ಎಂಬ ಪ್ರಾಯದ ಹೆಣ್ಣುಕುದುರೆಯನ್ನು ತಂದು ಗೋಡೆಯ ಆಚೆ ಕಟ್ಟಿದ. ಲಗಾಮುಗಳನ್ನೂ ಎರಡು ಮಾಡಿದ. ತಿರುಗಾಡಿಸಲು ಒಂದು, ಹೆಣ್ಣಿನ ಬಳಿಗೆ ಒಯ್ಯಲು ಇನ್ನೊಂದು. ಇಲ್ಲದಿದ್ದರೆ ಹೊಲಕ್ಕೆ ಹೊರಟಾಗಲೂ ಮದುವೆಗೇ ಹೊರಟೆನೆಂದು ತಿಳಿಯುತ್ತಾನಂತೆ. ತುಂಗಾಳ ಹೊಟ್ಟೆಯಲ್ಲಿ ಸಾಹೇಬನದೊಂದು ಮರಿ ನೋಡಬೇಕು ಎಂಬುದು ಈರಣ್ಣನ ಆಸೆ. ಅದಕ್ಕಿಂತ ದೊಡ್ಡ ಆಸೆಯನ್ನು ಅವನು ಇಟ್ಟುಕೊಂಡದ್ದು ನಾನು ಕಂಡಿಲ್ಲ.

ಅಷ್ಟರಲ್ಲಿ ಒಂದು ಮುಂಜಾನೆ ಹಿತ್ತಲಲ್ಲಿ ಬಕೆಟ್ಟು ಉರುಳಿದ ಸದ್ದಾಯಿತು. ಅವನ ಹೆಂಡತಿ ನೀಲವ್ವ ಹೋಗಿ ನೋಡಿದರೆ ಈರಣ್ಣ ಗೋಡೆಗೆ ಒರಗಿ ಕುಳಿತಿದ್ದ, ಬಾಯಿ ಒಂದು ಕಡೆಗೆ ವಾಲಿತ್ತು. ಪಕ್ಕದಲ್ಲಿ ಸಾಹೇಬ ನಿಂತಿದ್ದ. ಕುದುರೆ ಒದೆಯಿತೆಂದು ಕ್ಷಣದಲ್ಲಿ ಓಣಿಯೆಲ್ಲ ಹಬ್ಬಿತು. ನಾಲ್ಕು ಮಂದಿ ಬಡಿಗೆ ಹಿಡಿದೇ ಬಂದರು. ಅದೊಂದು ಮುಂಜಾನೆ ಆ ಪ್ರಾಣಿ ಮಾಡದ ತಪ್ಪಿಗೆ ಎಷ್ಟು ಬೈಗುಳ ತಿಂದಿತೋ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಮೈಮೇಲೆ ಒಂದು ತರಚಿದ ಗಾಯವೂ ಇಲ್ಲ, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಜೀವ ಉಳಿಯಿತು. ಬಲಗೈ ಬಲಗಾಲು ಅವನ ಮಾತು ಕೇಳುವುದನ್ನು ಬಿಟ್ಟವು, ಮಾತು ಅವನನ್ನೇ ಬಿಟ್ಟಿತು.

ಮನೆಗೆ ಕರೆತಂದ ಮೇಲೆ ಎಷ್ಟೋ ದಿನ ಅವನ ಬಾಯಿಂದ ಬರಿಯ ಉಸಿರು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಕಣ್ಣು ತುಂಬಿಕೊಳ್ಳುತ್ತಿತ್ತು. ಒಂದು ದಿನ ನೀಲವ್ವ ಗಂಜಿ ಕುಡಿಸುವಾಗ ಚಮಚೆ ಸ್ವಲ್ಪ ಅವಸರದಿಂದ ಬಂದಿತು. "ಹೋ" ಎಂದ. ಸ್ಪಷ್ಟವಾಗಿ, ಹಿತ್ತಲಿಗೆ ಕೇಳುವಂತೆ. ನೀಲವ್ವ ಚಮಚೆ ಬಿಟ್ಟು ನಮ್ಮ ಮನೆಗೆ ಓಡಿ ಬಂದಳು. ನಾನು, ನಮ್ಮ ಮನೆಯಾಕೆ, ಮೂರೂ ಜನ ಅಳುತ್ತ ನಗುತ್ತ ಹೋಗಿ ಅವನ ಮುಂದೆ ನಿಂತು, ಇನ್ನೇನು ಹೇಳುತ್ತಾನೋ ಎಂದು ಕಾದೆವು. ನಾವು ಮುತ್ತಿಕೊಂಡದ್ದು ಹಿಡಿಸಲಿಲ್ಲವೇನೋ. "ಹಿಂದ ಸರಿ" ಎಂದ. ಮರುದಿನ "ಸಾವಕಾಶ" ಬಂದಿತು. ವಾರ ಕಳೆಯುವುದರಲ್ಲಿ "ಭಲೇ ಮಗನ" ಬಂದಿತು. ಉಳಿದ ಮಾತುಗಳೂ ಹೀಗೆ ಒಂದೊಂದಾಗಿ ಬರುತ್ತವೆಂದು ನಾವು ದಾರಿ ಕಾದೆವು. ಬರಲಿಲ್ಲ. ಯಾವ ಮಾತು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಯಾರಿಂದಲೂ ಹೇಳಲಾಗದು, ದಿನಾ ತಪ್ಪದೆ ಆಡಿ ನಾಲಗೆಗೆ ಅಂಟಿಕೊಂಡದ್ದು ಕೆಲವೊಮ್ಮೆ ಉಳಿದುಬಿಡುತ್ತದೆ ಎಂದರು ಡಾಕ್ಟರು. ಕಟ್ಟೆಯ ಮೇಲಿನ ಕತೆಗಳೆಲ್ಲ ಹೋಗಿ, ಕುದುರೆಗೆ ಹೇಳುವ ನಾಲ್ಕು ಮಾತು ಉಳಿದಿದ್ದವು.

ನಾಲ್ಕು ಮಾತಿನಲ್ಲಿ ಸಂಸಾರ ಮಾಡುವುದು ಹೇಗೆಂದು ಆಗ ನೋಡಿದೆ. ಮಾತಾಡಿಸಲು ಬಂದ ದೂರದ ಸಂಬಂಧಿಯೊಬ್ಬರು, ವಯಸ್ಸಾದವರು, ಸೇಬಿನ ಚೀಲ ಹಿಡಿದು ಬಂದು ಕುಳಿತರೆ, ಈರಣ್ಣ ಸಂತೋಷದಿಂದ ಅವರ ಮೊಣಕಾಲು ತಟ್ಟಿ "ಭಲೇ ಮಗನ" ಎಂದ. ಅವರು ಚಹ ಕುಡಿಯದೆ ಎದ್ದರು. ಗುಣವಾಗಲೆಂದು ವಿಭೂತಿ ಹಚ್ಚಲು ಬಂದ ಅಯ್ಯನವರಿಗೆ "ಹಿಂದ ಸರಿ". ಅವರು ಸರಿದರು. ನಗು ಬರುತ್ತಿತ್ತು, ನಕ್ಕ ಮೇಲೆ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಅವನು ಹೇಳಬೇಕೆಂದದ್ದು ಬೇರೆ, ಬಂದದ್ದು ಬೇರೆ ಎಂಬುದು ಅವನಿಗೇ ಮೊದಲು ಗೊತ್ತಾಗುತ್ತಿತ್ತು. ಒಂದು ಸಂಜೆ ನೀಲವ್ವ ಅವನಿಗಿಷ್ಟವೆಂದು ಎಣ್ಣೆಗಾಯಿ ಮಾಡಿ, ರೊಟ್ಟಿ ನೆನೆಸಿ ಕಿವುಚಿ ಬಾಯಿಗಿಟ್ಟಳಂತೆ. ಎಡಗೈಯಿಂದ ಅವಳ ಗಲ್ಲ ಮುಟ್ಟಿ "ಭಲೇ ಮಗನ" ಅಂದನಂತೆ. ಅವಳು ನನ್ನೆದುರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಇಷ್ಟ ವರ್ಸ ಸಂಸಾರ ಮಾಡೇನ್ರಿ ಭಾವಾರ, ಒಮ್ಮೆನೂ ಅಡಗಿ ಚಲೋ ಆಗೇತಿ ಅಂದವರಲ್ಲ. ಈಗ ಅಂತಾರ, ಅದೂ ಕುದರಿಗೆ ಅನ್ನೂ ಮಾತು" ಎಂದಳು. ಆ ಮೇಲೆ ಅವಳೇ ನಕ್ಕಳು.

ಈ ನಡುವೆ ಹಿತ್ತಲಲ್ಲಿ ಸಾಹೇಬ ತಿರುಗಾಟವಿಲ್ಲದೆ, ಹೇಳುವವರಿಲ್ಲದೆ ಕೆಟ್ಟು ಹೋಗಿದ್ದ. ಗೋಡೆಯ ಮೇಲಿನಿಂದಲೇ ಜೋಳದ ಕಣಿಕೆಯ ಮೇವು ಒಗೆಯಬೇಕು, ದೂರದಿಂದಲೇ ನೀರು ಸುರಿಯಬೇಕು. ಕೂಲಿಯವನ ತೋಳು ಕಚ್ಚಿದ್ದರಿಂದ ಅವನು ಬರುವುದನ್ನು ಬಿಟ್ಟ. ಕುಂದಗೋಳದ ಪಶುವೈದ್ಯರು ಬಂದು ನೋಡಿ, "ಬೀಜ ತಗಸಿಬಿಡ್ರಿ ಸರ, ತಣ್ಣಗ ಆಗತೈತಿ" ಎಂದರು. ನೀಲವ್ವನೂ, "ಹೌದ್ರಿ ಭಾವಾರ, ನನ್ನ ಕೈಲೆ ಇಬ್ಬರು ಗಂಡಸರನ್ನ ನೋಡಿಕೊಳ್ಳಾಕ ಆಗೂದಿಲ್ಲ" ಎಂದಳು. ನನಗಂತೂ ಅದಕ್ಕಿಂತ ಒಳ್ಳೆಯ ಮಾತು ಬೇರೆ ಇರಲಿಲ್ಲ. ಆದರೂ ಒಡೆಯನನ್ನು ಕೇಳದೆ ಹೇಗೆ? ಅವನ ಕಿವಿಯ ಹತ್ತಿರ ಕುಳಿತು, "ಈರಣ್ಣ, ಸಾಹೇಬನ ಬೀಜ ತಗಸೂಣೇನು?" ಎಂದೆ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ಆಮೇಲೆ, "ಸಾವಕಾಶ" ಎಂದ.

ಈ ಒಂದು ಶಬ್ದದ ಮೇಲೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ಯಾವ ಕೋರ್ಟಿನಲ್ಲೂ ನಡೆದಿರಲಾರದು. ಹುಷಾರಾಗಿ, ನೋವಾಗದಂತೆ ತೆಗೆಸಿರಿ ಎಂದು ಅರ್ಥ ಎಂದಳು ನೀಲವ್ವ. ಈಗಲೇ ಅವಸರ ಬೇಡ ಎಂದು ಅರ್ಥ ಎಂದಳು ನಮ್ಮ ಮನೆಯಾಕೆ. ದನದ ಡಾಕ್ಟರು, "ಪೇಷಂಟ್ ಏನ್ ಅಂದ್ರು ಅಂತ ನೀವ ಕೂಡಿ ಗಟ್ಟಿ ಮಾಡಿಕೊಂಡು ಫೋನ್ ಮಾಡ್ರಿ" ಎಂದು ಹೋದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ "ಮುಂದ ನೋಡೂಣು" ಎಂದೆ. ಹಾಗೆ ಎಂದದ್ದರಿಂದಲೇ ಅಲ್ಲಿಯವರೆಗೆ ಕುದುರೆಯನ್ನು ಯಾರಾದರೂ ಹಿಡಿಯಬೇಕಾಯಿತು. ಎಲ್ಲರೂ ನನ್ನ ಕಡೆ ನೋಡಿದರು.

ಮೊದಲ ದಿನ ಈರಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಹಿತ್ತಲ ಬೇವಿನ ಗಿಡದ ಕೆಳಗೆ ತಂದಿಟ್ಟೆವು. ನಾನು ಲಗಾಮು ಹಿಡಿದು ಒಳಗೆ ಹೋದೆ. ಸಾಹೇಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎದೆಯಿಂದ ಒಂದು ನೂಕು ನೂಕಿದ. ನಾನು ಹೋಗಿ ಮೇವು ಹಾಕುವ ಗ್ವಾದಲಿಯಲ್ಲಿ ಕುಳಿತೆ. ಅವನು ಮತ್ತೆ ಮುಂದೆ ಬಂದು ನನ್ನ ಮಫ್ಲರಿಗೆ ಬಾಯಿ ಹಾಕಿದಾಗ ಗಿಡದ ಕೆಳಗಿನಿಂದ ಗುಡುಗಿದಂತೆ ಕೇಳಿಸಿತು: "ಹಿಂದ ಸರಿ!" ಸಾಹೇಬ ಹಿಂದೆ ಸರಿದ. ಗ್ವಾದಲಿಯಲ್ಲಿದ್ದ ನಾನೂ ಹಿಂದೆ ಸರಿದೆ. ಯಾರಿಗೆ ಹೇಳಿದನೆಂದು ನಾವಿಬ್ಬರೂ ವಿಚಾರಿಸಲಿಲ್ಲ.

ಅಂದಿನಿಂದ ನಾನೂ ಈರಣ್ಣನೂ ಸೇರಿ ಒಬ್ಬ ಮನುಷ್ಯನಾದೆವು. ಕೈಕಾಲು ನನ್ನವು, ಬಾಯಿ ಅವನದು. ಅವನು "ಹೋ" ಎಂದರೆ ನಾನು ಹಗ್ಗ ಹಿಡಿಯುತ್ತಿದ್ದೆ, "ಸಾವಕಾಶ" ಎಂದರೆ ಹೆಜ್ಜೆ ಸಣ್ಣದು ಮಾಡುತ್ತಿದ್ದೆ. ಮುಂಜಾನೆಯ ತಂಪಿನಲ್ಲಿ ಹಿತ್ತಲ ಸುತ್ತ ಸುತ್ತಿ, ಸ್ವಲ್ಪ ಧೈರ್ಯ ಬಂದ ಮೇಲೆ ಹತ್ತಿಯ ಹೊಲದ ಬದುವಿನವರೆಗೂ ಹೋಗಿ ಬರುತ್ತಿದ್ದೆವು. ಈರಣ್ಣ ಕುರ್ಚಿಯಲ್ಲಿ, ಕುರ್ಚಿ ಎತ್ತಿನ ಚಕ್ಕಡಿಯಲ್ಲಿ, ಚಕ್ಕಡಿ ನಮ್ಮ ಹಿಂದೆ. ಊರವರು ನಿಂತು ನೋಡುತ್ತಿದ್ದರು. ನೋಡಲಿ. ನಾನು ಬೇರೆ ಒಂದನ್ನು ನೋಡುತ್ತಿದ್ದೆ. ಮನೆಯೊಳಗೆ, ಮಂದಿಯ ಮುಂದೆ ಅವನು ಆಡಿದ್ದು ತಪ್ಪುತ್ತಿತ್ತು. ಕುದುರೆಯ ಮುಂದೆ ಒಂದೂ ತಪ್ಪುತ್ತಿರಲಿಲ್ಲ. ಅಲ್ಲಿ ಬೇಕಾದದ್ದೇ ಆ ನಾಲ್ಕು ಮಾತು, ಇದ್ದದ್ದೂ ಆ ನಾಲ್ಕು ಮಾತು. ಅಷ್ಟು ಹೊತ್ತು ನನ್ನ ತಮ್ಮ ರೋಗಿಯಾಗಿರುತ್ತಿರಲಿಲ್ಲ. ಬೀಜ ತೆಗೆಸುವ ಮಾತನ್ನು ನಾನು ಆಮೇಲೆ ಎತ್ತಲಿಲ್ಲ, ಡಾಕ್ಟರು ಫೋನ್ ಮಾಡಿದರೂ ಎತ್ತಲಿಲ್ಲ.

ತುಂಗಾ ಬೆದೆಗೆ ಬಂದಳು. ಸಾಹೇಬ ಗೋಡೆಗೆ ಎದೆ ಕೊಟ್ಟು ಕೂಗಿದ ಕೂಗಿಗೆ ಓಣಿಗೇ ಸುದ್ದಿ ಗೊತ್ತಾಯಿತು. ಎರಡನೆಯ ಲಗಾಮು ಹೊರಗೆ ಬಂದಿತು. ಸಾಹೇಬನನ್ನು ನಾನು ಹಿಡಿಯಬೇಕು ಸರಿ, ತುಂಗಾಳನ್ನು ಯಾರು ಹಿಡಿಯಬೇಕು? ಕೂಲಿಯವರು ಯಾರೂ ಬರಲೊಲ್ಲರು. ನಮ್ಮ ಮನೆಯಾಕೆ, "ಶಿವಶಿವಾ" ಎಂದು ಕದ ಹಾಕಿಕೊಂಡಳು. ಕೊನೆಗೆ ನೀಲವ್ವನೇ ಬಂದಳು. ಗಂಡನ ಅಣ್ಣನ ಎದುರಿಗೆ ತಲೆಯ ಮೇಲಿನ ಸೆರಗು ಜಾರಲು ಬಿಡದ ಹೆಣ್ಣುಮಗಳು, ಆ ಹೊತ್ತಿನಲ್ಲಿ ತುಂಗಾಳ ಹಗ್ಗ ಹಿಡಿದು, ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ ನಿಂತಳು. ನಾನು ಬೇವಿನ ಗಿಡದ ತುದಿಯಲ್ಲಿ ಕಾಗೆಗಳನ್ನು ಹುಡುಕುತ್ತ ನಿಂತೆ. ನಡೆಯಬೇಕಾದದ್ದನ್ನು ಕಣ್ಣು ತೆರೆದು ನೋಡುತ್ತಿದ್ದವನು ಈರಣ್ಣ ಒಬ್ಬನೇ. "ಸಾವಕಾಶ… ಸಾವಕಾಶ… ಹೋ…" ಎಂದು ದನಿ ತಗ್ಗಿಸಿ, ಮಗುವನ್ನು ಮಲಗಿಸುವವರ ಹಾಗೆ ನಡೆಸಿದ. ಕೊನೆಗೆ "ಭಲೇ ಮಗನ" ಎಂದಾಗ ನಾನೂ ನೀಲವ್ವನೂ ಒಟ್ಟಿಗೇ ಉಸಿರು ಬಿಟ್ಟೆವು. ಆಮೇಲೆ ಎರಡು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ವಾರ ಕಳೆದ ಮೇಲೆ ಡಾಕ್ಟರು ಬಂದು ಪರೀಕ್ಷೆ ಮಾಡಿ, ಗಬ್ಬ ನಿಂತಿಲ್ಲ ಎಂದರು. ಗಿಡದ ಕೆಳಗೆ ಈರಣ್ಣ ಕತ್ತು ಉದ್ದ ಮಾಡಿ ಕಾಯುತ್ತಿದ್ದ. ನಾನು ಹೋಗಿ, "ನಿಂತೈತಂತ ನೋಡಪಾ" ಎಂದುಬಿಟ್ಟೆ. ಹಿಂದಿನಿಂದ ನೀಲವ್ವನೂ ಅದನ್ನೇ ಹೇಳಿದಳು. ಅವನ ಮುಖ ಅರಳಿತು. ತುಂಗಾಳನ್ನು ಹತ್ತಿರ ತರಿಸಿಕೊಂಡು ಎಡಗೈಯಿಂದ ಅವಳ ಹೊಟ್ಟೆ ಸವರಿ "ಸಾವಕಾಶ" ಎಂದ. ಹೀಗೆ ಕೆಲವು ದಿನ ದಿನಾಲೂ ಸವರಿದ. ಸುಳ್ಳು ಹೇಳಿದವರಿಗೆ ಊಟ ಸೇರಲಿಲ್ಲ. ಮನುಷ್ಯರು ಎಷ್ಟೇ ಗುಟ್ಟು ಮಾಡಿದರೂ ಕುದುರೆಗೆ ಅದರ ಪರಿವೆ ಇಲ್ಲವಲ್ಲ. ಒಂದು ಮುಂಜಾನೆ ಸಾಹೇಬ ಗೋಡೆಯ ಮೇಲೆ ಕತ್ತು ಹಾಕಿ, ತುಂಗಾಳ ಕಡೆಯ ಗಾಳಿ ಮೂಸಿ, ತುಟಿ ಮಡಚಿ, ಊರು ಕೇಳುವಂತೆ ಕೂಗಿದ. ಗಬ್ಬದ ಕುದುರೆಗೆ ಯಾವ ಗಂಡೂ ಹಾಗೆ ಕೂಗುವುದಿಲ್ಲ. ಈರಣ್ಣನಿಗೆ ಇದನ್ನು ಬಿಡಿಸಿ ಹೇಳಬೇಕೇ? ಅವನು ಸಾಹೇಬನನ್ನು ನೋಡಿದ, ತುಂಗಾಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ನಕ್ಕ. ಬಿದ್ದ ದಿನದಿಂದ ಮೊದಲ ಸಲ, ವಾಲಿದ ಬಾಯಿಂದ, ಕೆಮ್ಮು ಬರುವವರೆಗೆ ನಕ್ಕ. ನಕ್ಕು ಸುಧಾರಿಸಿಕೊಂಡು ನನ್ನ ಕಡೆ ಬೆರಳು ಮಾಡಿ, ಒಂದೊಂದೇ ಅಕ್ಷರ ಎಳೆದು ಹೇಳಿದ: "ಭಲೇ ಮಗನ."

ನನ್ನ ತಮ್ಮ ನನಗೆ ಕೊನೆಯದಾಗಿ ಹೇಳಿದ ಪೂರ್ತಿ ಮಾತು ಅದು. ಆ ವಾರವೇ ಮಳೆ ಹಿಡಿದು ಅವನಿಗೆ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿತು. ಹುಬ್ಬಳ್ಳಿಗೆ ಒಯ್ದೆವು. ಅಲ್ಲಿ ಮಾಸ್ಕಿನೊಳಗಿನಿಂದ ಏನೋ ಹೇಳಲು ನೋಡಿದ, ತಿಳಿಯಲಿಲ್ಲ. ನಾಲ್ಕರಲ್ಲಿ ಒಂದು ಇದ್ದೀತೆಂದು ನಾನು ಒಂದೊಂದಾಗಿ ಕೇಳಿದೆ. ತಲೆ ಅಲ್ಲಾಡಿಸಿದ. ಅದು ಐದನೆಯ ಮಾತು. ಅವನ ಜೊತೆಗೇ ಹೋಯಿತು. ಹೊಲದಲ್ಲಿ, ನಮ್ಮ ಅಪ್ಪನ ಸಮಾಧಿಯ ಬಾಜುವಿಗೆ ಅವನನ್ನು ಕೂರಿಸಿ ಮಣ್ಣು ಕೊಟ್ಟು ಬಂದೆವು. ಕರಿನೆಲದ ಮಣ್ಣು ಕಾಲಿಗೆ ಹೆಂಟೆಹೆಂಟೆಯಾಗಿ ಅಂಟಿ, ತಿರುಗಿ ಬರುವಾಗ ಹೆಜ್ಜೆ ಕೀಳಲು ಆಗುತ್ತಿರಲಿಲ್ಲ.

ಕ್ರಿಯಾಕರ್ಮ ಮುಗಿದ ಮೇಲೆ ಸಾಹೇಬನನ್ನು ಹೊರಗೆ ತೆಗೆದೆ. ಇಷ್ಟು ತಿಂಗಳು ಹಿಡಿದವನು ನಾನೇ ಅಲ್ಲವೇ ಎಂಬ ಸೊಕ್ಕು. ಬಾಗಿಲು ದಾಟಿದೊಡನೆ ಅವನು ಎಳೆದ. ನಾನು "ಹೋ" ಎಂದೆ. ಅದು ನನಗೇ "ಹೋ" ಎಂದು ಕೇಳಿಸಲಿಲ್ಲ, ಯಾರನ್ನೋ ಸಾಲ ಕೇಳಿದ ಹಾಗೆ ಇತ್ತು. ಹಗ್ಗ ಅಂಗೈ ಸುಡುವಂತೆ ಜಾರಿತು. ನಾನು ಲದ್ದಿಯ ಗುಪ್ಪೆಗೆ ಹೆಗಲು ಕೊಟ್ಟು ಬಿದ್ದೆ. ಸಾಹೇಬ ಮುಂಗಾಲು ಎತ್ತಿ ನನ್ನ ಮೇಲೆಯೇ ನಿಂತಂತೆ ಕಂಡಿತು. ಆಗ ಹಿತ್ತಲ ಬಾಗಿಲಿನಿಂದ ಒಂದು ದನಿ: "ಹೋ." ಕೂಗಿದ್ದಲ್ಲ, ಹೇಳಿದ್ದು. ಅದೇ ಎಳೆತ, ಅದೇ ಗಡಸು. ಸಾಹೇಬನ ಕಾಲು ನೆಲಕ್ಕೆ ಬಂದವು. ನೀಲವ್ವ ಜೋಳದ ಹಿಟ್ಟಿನ ಕೈಯಲ್ಲೇ ಬಂದು, ಅವನ ಎಡಗಡೆಗೆ ನಿಂತು ಹಗ್ಗ ಹಿಡಿದಳು. "ಹಿಂದ ಸರಿ" ಎಂದಳು. ಸರಿದ. ಕುತ್ತಿಗೆಯ ಮೇಲೆ ಹಿಟ್ಟಿನ ಬೆರಳಚ್ಚು ಮೂಡುವಂತೆ ತಟ್ಟಿ, ನಾಲ್ಕನೆಯದನ್ನೂ ಹೇಳಿದಳು.

ಸಂಜೆ ನಮ್ಮ ಮನೆಯಾಕೆಯಿಂದ ಹೆಗಲಿಗೆ ಬಿಸಿ ಅರಿಷಿಣ ಹಚ್ಚಿಸಿಕೊಳ್ಳುತ್ತ, "ಇದನ್ನೆಲ್ಲಿ ಕಲಿತೆವ್ವಾ ನೀಲವ್ವ?" ಎಂದೆ. "ಕಲಿಯೂದೇನೈತ್ರಿ ಭಾವಾರ? ಸಾಹೇಬಗ ಮುಂಜಾನಿ ಅಷ್ಟ ಹೇಳ್ತಿದ್ರು. ನನಗ ಇಡೀ ದಿವಸ ಹೇಳ್ತಿದ್ರು" ಎಂದಳು. ಡಾಕ್ಟರಿಗೆ ಫೋನ್ ಮಾಡಲೇ, ಬೀಜ ತೆಗೆಸಿಬಿಡೋಣವೇ ಎಂದು ಕೇಳಿದೆ. ನೀಲವ್ವ, "ಬ್ಯಾಡ್ರಿ. ಅವತ್ತ ಅವರು ಸಾವಕಾಶ ಅಂದಾಗ ಬ್ಯಾಡ ಅಂತನ ಅಂದಿದ್ರು. ನನಗ ಗೊತ್ತಿತ್ರಿ. ನನಗ ದಣಿವಾಗಿತ್ತು" ಎಂದಳು.

ತುಂಗಾ ಮತ್ತೆ ಬೆದೆಗೆ ಬಂದಳು. ಆ ಸಲದ್ದು ನಿಂತಿದೆ ಎಂದು ಡಾಕ್ಟರು ಮುಂದೆ ಹೇಳಿದರು, ಈ ಸಲ ಯಾರಿಗೂ ಸುಳ್ಳು ಹೇಳುವ ಪ್ರಸಂಗ ಬರಲಿಲ್ಲ, ಹೇಳಿಸಿಕೊಳ್ಳುವವನೇ ಇರಲಿಲ್ಲ. ಆದರೆ ಆ ದಿನ ಹಿತ್ತಲಲ್ಲಿ ನಿಂತಾಗ ಇದೆಲ್ಲ ನಮಗೆ ಗೊತ್ತಿರಲಿಲ್ಲ. ನೀಲವ್ವ ಎರಡನೆಯ ಲಗಾಮು ಹಾಕಿ ಸಾಹೇಬನನ್ನು ತಂದಳು. ತುಂಗಾಳ ಹಗ್ಗವನ್ನು ನನ್ನ ಕೈಗೆ ಕೊಟ್ಟು, "ನೀವು ಆ ಕಡೆ ಮಾರಿ ಮಾಡಿ ನಿಂದರ್ರಿ ಭಾವಾರ" ಎಂದಳು. ನಿಂತೆ. ಕಲ್ಲುಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತೆ. ಬೆನ್ನ ಹಿಂದಿನಿಂದ "ಸಾವಕಾಶ… ಸಾವಕಾಶ…" ಎಂದು ಅವಳು ಹೇಳುತ್ತಿದ್ದಳು. ಹಿರಿಯ ಭಾವ ಮರ್ಯಾದೆಯಸ್ಥ, ಕೆಲಸ ಮುಗಿದು ಎಷ್ಟು ಹೊತ್ತಾದರೂ ಗೋಡೆ ಬಿಟ್ಟು ಈ ಕಡೆ ತಿರುಗಲಿಲ್ಲ ಎಂದು ಅವಳು ಆಮೇಲೆ ನಮ್ಮ ಮನೆಯಾಕೆಯ ಮುಂದೆ ಹೊಗಳಿದಳಂತೆ. ಹೊಗಳಲಿ. ಈ ವಯಸ್ಸಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಅತ್ತದ್ದಕ್ಕೆ ಇಷ್ಟು ಒಳ್ಳೆಯ ಹೆಸರು ಬೇರೆ ಯಾರಿಗೆ ಬಂದೀತು?